ಯಲಹಂಕದ ದಿಣ್ಣೆ ಮತ್ತು ಎರಡು ನದಿಗಳ ವ್ಯಾಜ್ಯ

ಎರಡು ರಾಜ್ಯಗಳ ನಡುವಣ ನದೀಜಲದ ವ್ಯಾಜ್ಯವೆಂದೊಡನೆ ಗಡಿಭಾಗದ ಅಣೆಕಟ್ಟುಗಳೂ ನ್ಯಾಯಾಲಯದ ವಾಯಿದೆಗಳೂ ನೆನಪಿಗೆ ಬರುವುದು ಸಹಜ. ಬೆಂಗಳೂರಿನ ಉತ್ತರ ಭಾಗದ ಯಲಹಂಕ, ಹೆಬ್ಬಾಳ, ಯಶವಂತಪುರಗಳ ಹೆಸರು ಅಂಥ ಪ್ರಸಂಗದಲ್ಲಿ ಕೇಳಿಬರುವುದು ಅಪರೂಪ. ಆದರೂ ಮೊದಲು ಮೈಸೂರು ಮತ್ತು ಮದರಾಸು ಸರ್ಕಾರಗಳ ನಡುವೆ, ತರುವಾಯ ಕರ್ನಾಟಕ ಮತ್ತು ತಮಿಳುನಾಡುಗಳ ನಡುವೆ ನಡೆದುಬಂದ ದೀರ್ಘ ವಿವಾದದ ಒಂದು ಮುಖ್ಯ ರೇಖೆ ಈ ಊರುಗಳ ಕಾಲಡಿಯಲ್ಲಿಯೇ ಹಾಯ್ದುಹೋಗಿದೆ. ಆ ರೇಖೆಯನ್ನು ಎಳೆದವರು ಯಾವ ಅರಸರೂ ಅಲ್ಲ, ಯಾವ ಅಧಿಕಾರಿಗಳೂ ಅಲ್ಲ. ಅದು ನೆಲದ ಸಹಜವಾದ ಉಬ್ಬು.

ಬೆಂಗಳೂರು ನಗರದ ನಡುವೆ ಉತ್ತರ ಈಶಾನ್ಯದಿಂದ ದಕ್ಷಿಣ ನೈಋತ್ಯಕ್ಕೆ ಒಂದು ದಿಣ್ಣೆಯ ಸಾಲು ಹಬ್ಬಿದೆ. ಇದರ ಅತ್ಯುನ್ನತ ಸ್ಥಾನ ಯಲಹಂಕದ ಬಳಿಯ ದೊಡ್ಡಬೆಟ್ಟಹಳ್ಳಿ. ಸಮುದ್ರಮಟ್ಟದಿಂದ 962 ಮೀಟರ್ ಎತ್ತರ. ಈ ದಿಣ್ಣೆಯ ಪಡುವಣ ಇಳಿಜಾರಿನಲ್ಲಿ ಬಿದ್ದ ಮಳೆನೀರು ಅರ್ಕಾವತಿಯನ್ನು ಸೇರಿ, ಕನಕಪುರದ ದಕ್ಷಿಣಕ್ಕೆ ಸಂಗಮದಲ್ಲಿ ಕಾವೇರಿಗೆ ಕೂಡುತ್ತದೆ. ಮೂಡಣ ಇಳಿಜಾರಿನ ನೀರು ದಕ್ಷಿಣ ಪಿನಾಕಿನಿಯ ಪಾಲು. ಅದು ಹೊಸಕೋಟೆಯ ಕಡೆಯಿಂದ ಹರಿದು, ಹೊಸೂರಿನ ಬಳಿ ತಮಿಳುನಾಡನ್ನು ಹೊಕ್ಕು, ತೆನ್‌ಪೆಣ್ಣೈ ಎಂಬ ಹೆಸರಿನಿಂದ ಕಡಲೂರಿನ ಸಮೀಪದಲ್ಲಿ ಸಮುದ್ರವನ್ನು ಸೇರುತ್ತದೆ. ವಿಚಿತ್ರವೆಂದರೆ ಅರ್ಕಾವತಿಯೂ ಪಿನಾಕಿನಿಯೂ ಹುಟ್ಟುವುದು ನಂದಿಯ ಬೆಟ್ಟಸಾಲಿನಲ್ಲಿಯೇ. ಶಿವನ ಧನುಸ್ಸಿನ ಹೆಸರನ್ನು ಹೊತ್ತ ನದಿ ನಂದಿಯ ಸನ್ನಿಧಿಯಲ್ಲಿ ಹುಟ್ಟಿದ್ದು ನಾಮಕರಣ ಮಾಡಿದವರ ಔಚಿತ್ಯಪ್ರಜ್ಞೆಗೆ ಸಾಕ್ಷಿ. ಒಂದೇ ಬೆಟ್ಟಸಾಲಿನ ಈ ಎರಡು ಹೊಳೆಗಳು ಸಮುದ್ರದವರೆಗೂ ಮತ್ತೆ ಒಂದನ್ನೊಂದು ಕಾಣುವುದಿಲ್ಲ.

ಯಲಹಂಕ ಮತ್ತು ಹೆಬ್ಬಾಳದ ಕೆರೆಗಳು ಪಿನಾಕಿನಿಯ ಕಡೆಗೆ ಸೇರಿದವು. ಯಲಹಂಕದ ಕೆರೆಯ ಕೋಡಿ ಹರಿದರೆ ಜಕ್ಕೂರಿಗೆ, ಜಕ್ಕೂರಿನದು ರಾಚೇನಹಳ್ಳಿಗೆ, ಹೆಬ್ಬಾಳದ್ದು ನಾಗವಾರಕ್ಕೆ. ಹೀಗೆ ಕೆರೆಯಿಂದ ಕೆರೆಗಿಳಿಯುತ್ತ ನೀರು ಕೊನೆಗೆ ಎಲೆ ಮಲ್ಲಪ್ಪಶೆಟ್ಟಿ ಕೆರೆಯನ್ನು ಮುಟ್ಟಿ ಅಲ್ಲಿಂದ ಹೊಳೆಗೆ ಹೋಗುತ್ತದೆ. ವೀಳ್ಯದೆಲೆಯ ವ್ಯಾಪಾರಿಯೊಬ್ಬನು ತನ್ನ ಗಳಿಕೆಯನ್ನು ಸುರಿದು ಈ ಕೆರೆಯನ್ನು ಕಟ್ಟಿಸಿದನೆಂದು ಪ್ರತೀತಿ. ಯಶವಂತಪುರ, ಮತ್ತಿಕೆರೆಗಳ ಮಳೆನೀರಿನ ಬಹುಭಾಗವೂ ಹೆಬ್ಬಾಳದ ಕಣಿವೆಗೇ ಇಳಿಯುತ್ತದೆ. ಅಲ್ಲಿಂದ ಸ್ವಲ್ಪ ಪಶ್ಚಿಮಕ್ಕೆ ಸರಿದು ಪೀಣ್ಯವನ್ನು ಮುಟ್ಟಿದರೆ ನೀರಿನ ಮುಖ ತಿರುಗಿ ವೃಷಭಾವತಿಯ ಮೂಲಕ ಅರ್ಕಾವತಿಗೆ, ಅರ್ಥಾತ್ ಕಾವೇರಿಗೆ ಸಲ್ಲುತ್ತದೆ.

ಈ ಸೀಮೆ ಪ್ರಾಚೀನವಾದುದು. ಕ್ರಿ.ಶ. ಸುಮಾರು 750ರ, ಗಂಗ ಶ್ರೀಪುರುಷನ ಆಳ್ವಿಕೆಯ ಕಾಲದ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದಿತು. ಅದರಲ್ಲಿ ಈ ಪ್ರದೇಶವು ಪೆರ್ಬೊಳಲ್ ನಾಡೆಂದು ಉಕ್ತವಾಗಿದೆ. ಮುಂದೆ ಯಲಹಂಕ ನಾಡಪ್ರಭುಗಳ ಕಾಲದಲ್ಲಿ ಕೆರೆ ಕಟ್ಟುವ ಕಾರ್ಯ ಇಲ್ಲಿ ಬಹುವಾಗಿ ನಡೆಯಿತು. ಕೆರೆ ಕಟ್ಟಿಸಿದವರಿಗೆ ಅದರ ಅಚ್ಚುಕಟ್ಟಿನಲ್ಲಿ ಭೂಮಿಯನ್ನು ಬಿಟ್ಟುಕೊಡುವ ಬಿತ್ತುವಟ್ಟ, ಕಟ್ಟುಕೊಡಗೆಗಳ ಉಲ್ಲೇಖ ಕನ್ನಡ ಶಾಸನಗಳಲ್ಲಿ ಹೇರಳವಾಗಿ ದೊರೆಯುತ್ತದೆ. ಶರಣರಲ್ಲಿ ಸೊನ್ನಲಿಗೆಯ ಸಿದ್ಧರಾಮನು ಕೆರೆಯನ್ನು ಕಟ್ಟಿಸಿದ್ದು, ಆ ಕಾರ್ಯದ ನಡುವೆ ಅಲ್ಲಮಪ್ರಭು ಬಂದು ಅವನನ್ನು ವಡ್ಡನೆಂದು ಕೆಣಕಿದ್ದು ಶೂನ್ಯಸಂಪಾದನೆಯನ್ನು ಓದಿದವರಿಗೆಲ್ಲ ತಿಳಿದದ್ದೇ. ಅಲ್ಲಮನ ಆಕ್ಷೇಪ ಕೆರೆಯ ಮೇಲಲ್ಲ, ಕಟ್ಟಿದೆನೆಂಬ ಭಾವದ ಮೇಲೆ ಎಂಬುದನ್ನು ಇಲ್ಲಿ ಪ್ರಾಸಂಗಿಕವಾಗಿ ಹೇಳಬಹುದು. ಕೆರೆಯೇನೋ ಇಂದಿಗೂ ಸೊಲ್ಲಾಪುರದಲ್ಲಿ ಉಳಿದಿದೆ.

ಸಾಲುಗೆರೆಗಳ ವ್ಯವಸ್ಥೆಯಲ್ಲಿ ಅಡಗಿದ್ದ ಒಂದು ನ್ಯಾಯವನ್ನು ಗಮನಿಸದೆ ಮುಂದಿನ ಇತಿಹಾಸ ಅರ್ಥವಾಗದು. ಮೇಲಿನ ಊರಿನವರು ತಮ್ಮ ಕೆರೆಯ ಕೋಡಿಯನ್ನು ಒಂದು ಮೊಳ ಏರಿಸಿದರೆ ಅಷ್ಟೂ ನೀರು ಕೆಳಗಿನ ಊರಿಗೆ ತಪ್ಪಿತು. ಆದುದರಿಂದ ಕೋಡಿಯ ಎತ್ತರವೆಂಬುದು ಒಂದು ಊರಿನ ಸ್ವಂತ ವಿಷಯವಾಗಿರಲಿಲ್ಲ. ತೂಬನ್ನು ಎತ್ತುವ, ಗದ್ದೆಗೆ ನೀರು ಹಾಯಿಸುವ ಅಧಿಕಾರ ನೀರುಗಂಟಿಯದು. ಕೋಡಿಯ ಮಟ್ಟವನ್ನು ಬದಲಿಸುವ ಅಧಿಕಾರ ಅವನಿಗೂ ಇರಲಿಲ್ಲ. ಈ ಕಟ್ಟಳೆಯನ್ನು ಮೀರಿದಾಗ ಜಗಳಗಳಾಗಿವೆ, ರಾತ್ರಿಯ ವೇಳೆ ಕೋಡಿಗೆ ಮಣ್ಣು ಹಾಕುವುದೂ ಅದನ್ನು ಒಡೆಯುವುದೂ ನಡೆದಿದೆ. ಹಳ್ಳಿಯ ಬದುಕನ್ನು ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ. 1892ರಲ್ಲಿ ಎರಡು ಸರ್ಕಾರಗಳು ಮಾಡಿಕೊಂಡ ಒಪ್ಪಂದವು ಈ ಕೋಡಿಯ ಜಗಳವನ್ನೇ ಒಂದು ಸಂಸ್ಥಾನದಷ್ಟು ದೊಡ್ಡದು ಮಾಡಿ ಬರೆದಂತಿದೆ.

ಆ ಒಪ್ಪಂದದ ಹಿನ್ನೆಲೆ ಹೀಗಿದೆ. 1876-78ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನ ನಲುಗಿಹೋಗಿತ್ತು. 1881ರಲ್ಲಿ ಬ್ರಿಟಿಷರು ರಾಜ್ಯವನ್ನು ಒಡೆಯರ ಮನೆತನಕ್ಕೆ ಮರಳಿ ಒಪ್ಪಿಸಿದಾಗ ಹೊಸ ಆಡಳಿತದ ಮುಂದಿದ್ದ ಮೊದಲ ಕೆಲಸಗಳಲ್ಲಿ ಕೆರೆಗಳ ಜೀರ್ಣೋದ್ಧಾರವೂ ಒಂದು. ಮೈಸೂರಿನಲ್ಲಿ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿ, ಅದಕ್ಕೂ ಮೊದಲೇ, ಈ ನಾಡಿನಲ್ಲಿ ಇನ್ನೊಂದು ಹೊಸ ಕೆರೆಗೆ ತಕ್ಕ ಜಾಗವನ್ನು ಹುಡುಕಬೇಕಾದರೆ ಸಾಕಷ್ಟು ಚಾತುರ್ಯ ಬೇಕೆಂಬ ಅಭಿಪ್ರಾಯವನ್ನು ಬರೆದಿಟ್ಟಿದ್ದನು. ಅಂದಮೇಲೆ ಮೈಸೂರಿಗೆ ಉಳಿದ ದಾರಿಗಳು ಎರಡು: ಹೂಳು ತುಂಬಿ ಏರಿಯೊಡೆದ ಹಳೆಯ ಕೆರೆಗಳನ್ನು ಎಬ್ಬಿಸುವುದು ಅಥವಾ ಹೊಳೆಗಳಿಗೇ ಅಡ್ಡಗಟ್ಟುವುದು. ಎರಡರಿಂದಲೂ ಕೆಳಗಿನ ತಂಜಾವೂರು, ಸೇಲಂ, ಆರ್ಕಾಟು ಸೀಮೆಗಳ ನೀರು ಕುಗ್ಗೀತೆಂದು ಮದರಾಸು ಸರ್ಕಾರ ಆತಂಕಗೊಂಡಿತು. 1890ರಲ್ಲಿ ಊಟಿಯಲ್ಲಿ ಸಮಾಲೋಚನೆ ನಡೆಯಿತು. ಆಗ ಮೈಸೂರಿನ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. ಅಂತಿಮವಾಗಿ 1892ರ ಫೆಬ್ರವರಿ 18ರಂದು ಒಪ್ಪಂದವಾಯಿತು.

ಈ ಒಪ್ಪಂದವನ್ನು ಕಾವೇರಿಯ ಒಪ್ಪಂದವೆಂದು ಕರೆಯುವುದು ರೂಢಿಯಾಗಿದೆ. ವಸ್ತುತಃ ಅದರ ಮೊದಲ ಅನುಸೂಚಿಯಲ್ಲಿ 15 ನದಿಗಳಿವೆ. ಕಾವೇರಿ ಹತ್ತನೆಯದು, ಉತ್ತರ ಪಿನಾಕಿನಿ ಐದನೆಯದು, ದಕ್ಷಿಣ ಪಿನಾಕಿನಿ ಒಂಬತ್ತನೆಯದು. ಮದರಾಸಿನ ಪೂರ್ವಸಮ್ಮತಿಯಿಲ್ಲದೆ ಈ ಹದಿನೈದು ನದಿಗಳ ಯಾವ ಭಾಗದಲ್ಲಿಯೂ ನೀರಾವರಿಯ ಹೊಸ ಜಲಾಶಯವನ್ನು ಮೈಸೂರು ಕಟ್ಟುವಂತಿರಲಿಲ್ಲ. ಅಣೆಗಳ ವಿಷಯದಲ್ಲಿ ಮಾತ್ರ ನದಿ ನದಿಗೂ ಭೇದವಿತ್ತು. ಕಾವೇರಿಗೆ ಹೊಸ ಅಣೆ ಕಟ್ಟಲು ರಾಮಸ್ವಾಮಿ ಅಣೆಯಿಂದ ಕೆಳಗೆ ಮಾತ್ರ ನಿರ್ಬಂಧ. ನಾಲ್ಕರಿಂದ ಒಂಬತ್ತರವರೆಗಿನ ನದಿಗಳಿಗೆ ಅಂಥ ವಿನಾಯಿತಿಯೇ ಇಲ್ಲ. ಎಂದರೆ ಸದಾ ಸುದ್ದಿಯಲ್ಲಿರುವ ಕಾವೇರಿಗಿಂತಲೂ ಬಡಕಲಾದ ಪಿನಾಕಿನಿಯ ಮೇಲೆ ಬಿಗಿ ಹೆಚ್ಚಾಗಿತ್ತು! ಚಿಕ್ಕ ಹೊಳೆಯಲ್ಲಿ ಮೇಲೆ ಹಿಡಿದ ಪ್ರತಿಯೊಂದು ಬಾನಿ ನೀರೂ ಕೆಳಗೆ ಕೊರತೆಯಾಗಿ ಕಾಣುವುದರಿಂದ ಹೀಗೆ ಬರೆದಿರಬಹುದು.

ಮತ್ತೊಂದು ವಿಧಿ ಇನ್ನೂ ಕುತೂಹಲಕರವಾಗಿದೆ. ಹೊಸ ಕೆರೆ ಅಥವಾ ಜಲಾಶಯವೆಂದರೇನು? ಹಿಂದೆಂದೂ ಇಲ್ಲದ್ದು ಹೊಸದು. ಹಿಂದೆ ಇದ್ದು 30 ವರ್ಷಕ್ಕೂ ಮೇಲ್ಪಟ್ಟು ಪಾಳುಬಿದ್ದು ಬಳಕೆ ತಪ್ಪಿದ್ದೂ ಹೊಸದೇ ಎಂದು ಒಪ್ಪಂದ ಹೇಳಿತು. ತಾತನ ಕಾಲದಲ್ಲಿ ಒಡೆದ ಕೆರೆಯನ್ನು ಮೊಮ್ಮಗ ಎಬ್ಬಿಸಲು ಹೊರಟರೆ ಅದು ಹೊಸ ಕೆರೆ ಎಂದಾಯಿತು. ಕೋಡಿಯನ್ನು ಎತ್ತರಿಸುವುದು ದುರಸ್ತಿಯೆಂದೇ ಪರಿಗಣಿತವಾಗಬಹುದಾದರೂ ನಿಲ್ಲುವ ನೀರಾಗಲಿ ಸಾಗುವಳಿಯ ನೆಲವಾಗಲಿ ಮೊದಲಿಗಿಂತ ಹೆಚ್ಚಬಾರದೆಂಬ ಷರತ್ತು ಇತ್ತು. ಬ್ರಿಟಿಷ್ ಕಾನೂನಿನ ಭಾಷೆಯಲ್ಲಿದ್ದರೂ ಇದು ನೀರುಗಂಟಿಗೆ ಸುಲಭವಾಗಿ ಅರ್ಥವಾಗುವ ಮಾತು. ವ್ಯತ್ಯಾಸವಿರುವುದು ಒಂದೇ ಕಡೆ. ಊರುಗಳ ನಡುವಣ ಕಟ್ಟಳೆಯಲ್ಲಿ ಮೇಲಿನವನಿಗೂ ಕೆಳಗಿನವನಿಗೂ ಪಂಚಾಯಿತಿಯಲ್ಲಿ ಸಮನಾದ ಬಾಯಿ ಇರುತ್ತಿತ್ತು. ಇಲ್ಲಿ ಒಂದು ಪಕ್ಷ ಬ್ರಿಟಿಷ್ ಪ್ರಾಂತ, ಇನ್ನೊಂದು ಅದೇ ಸಾರ್ವಭೌಮತ್ವಕ್ಕೆ ಅಧೀನವಾದ ಸಂಸ್ಥಾನ. ಕೆಳಗಿನ ರೈತರಿಗೆ ಈಗಾಗಲೇ ದತ್ತವಾಗಿ ಬಳಕೆಯಲ್ಲಿರುವ ಹಕ್ಕನ್ನು ಕಾಪಾಡುವುದಕ್ಕಲ್ಲದೆ ಬೇರಾವ ಕಾರಣಕ್ಕೂ ಮದರಾಸು ಸಮ್ಮತಿಯನ್ನು ನಿರಾಕರಿಸತಕ್ಕದ್ದಲ್ಲ ಎಂಬ ಮಾತನ್ನೂ ಒಪ್ಪಂದ ಸೇರಿಸಿತ್ತೆಂಬುದನ್ನು ಮರೆಯಬಾರದು. ಕನ್ನಡದ ಬರಹಗಳಲ್ಲಿ ಈ ಅಂಶ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ತಮಿಳುನಾಡಿನ ವಾದದಲ್ಲಿ ಸಮ್ಮತಿಯ ಷರತ್ತು ಮುಂದಾಗಿ ಈ ಮಿತಿ ಹಿಂದಾಗುವುದೂ ಉಂಟು.

ಕಾವೇರಿಯ ಮುಂದಿನ ಕಥೆ ಸುಪರಿಚಿತ. ಕೃಷ್ಣರಾಜಸಾಗರದ ಯೋಜನೆ, 1914ರ ಗ್ರಿಫಿನ್ ತೀರ್ಪು, ಮದರಾಸಿನ ಮೇಲ್ಮನವಿ, 1924ರ ಫೆಬ್ರವರಿ 18ರ ಎರಡನೆಯ ಒಪ್ಪಂದ ಇವುಗಳನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಉತ್ತರ ಬೆಂಗಳೂರಿಗೆ ಸಂಬಂಧಿಸಿದ ಎಳೆ ಬೇರೊಂದು ಕಡೆ ಹೊರಳಿತು. ಊರು ಬೆಳೆದಂತೆ ಸುತ್ತಲಿನ ಕೆರೆಗಳ ನೀರು ಸಾಲದಾಯಿತು. 1894ರಲ್ಲಿ ಯಲಹಂಕದ ಪಶ್ಚಿಮಕ್ಕಿರುವ ಹೆಸರಘಟ್ಟದಲ್ಲಿ ಅರ್ಕಾವತಿಯ ನೀರನ್ನು ಹಿಡಿದು ಬೆಂಗಳೂರಿಗೆ ತರುವ ವ್ಯವಸ್ಥೆ ಆಯಿತು. ದಿಣ್ಣೆಯ ಪಡುವಣ ನೀರನ್ನು ಯಂತ್ರದ ಬಲದಿಂದ ಮೇಲೆತ್ತಿ ಮೂಡಣ ಇಳಿಜಾರಿನ ಮನೆಗಳಿಗೂ ಹಂಚಲು ತೊಡಗಿದ್ದು ಆಗಿನಿಂದ. ಮೂರು ದಶಕಗಳೊಳಗೆ ಹೆಸರಘಟ್ಟವು ಮಳೆಯಿಲ್ಲದೆ ಬತ್ತಿತು. 1933ರಲ್ಲಿ ಅರ್ಕಾವತಿ ಮತ್ತು ಕುಮುದ್ವತಿಗಳ ಕೂಡಲಿನಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರವಾಯಿತು. ಅದೂ ಸಾಲದೆ 1974ರಲ್ಲಿ ಕಾವೇರಿಯ ನೀರೇ ತೊರೆಕಾಡನಹಳ್ಳಿಯಿಂದ, ಸುಮಾರು 100 ಕಿಲೋಮೀಟರ್ ದೂರವನ್ನೂ ಸುಮಾರು 500 ಮೀಟರ್ ಎತ್ತರವನ್ನೂ ಕ್ರಮಿಸಿ, ಬೆಂಗಳೂರಿಗೆ ಬಂದಿತು. 1924ರ ಒಪ್ಪಂದಕ್ಕೆ ಐವತ್ತು ವರ್ಷ ತುಂಬಿದ್ದೂ ಅದೇ 1974ರಲ್ಲಿ. ಒಪ್ಪಂದದ ಅವಧಿ ಮುಗಿಯಿತೆಂದು ಕರ್ನಾಟಕ, ಮುಗಿಯಲಿಲ್ಲವೆಂದು ತಮಿಳುನಾಡು ವಾದಿಸತೊಡಗಿದ ಹೊತ್ತಿಗೆ ಸರಿಯಾಗಿ ಬೆಂಗಳೂರು ಕಾವೇರಿಯ ಆಶ್ರಿತ ನಗರವಾಯಿತು. ಮುಂದೆ 1982, 1993, 2002, 2012 ಹೀಗೆ ಹಂತಹಂತವಾಗಿ ಬಂದ ನೀರು ಯಶವಂತಪುರ, ರವೀಂದ್ರನಾಥ ಠಾಗೋರ್ ನಗರ, ಹೆಬ್ಬಾಳಗಳ ನಲ್ಲಿಗಳಿಗೂ ತಲುಪಿತು.

1990ರ ಜೂನ್ 2ರಂದು ಕಾವೇರಿ ನ್ಯಾಯಮಂಡಳಿ ನೇಮಕವಾಯಿತು. 2007ರ ಫೆಬ್ರವರಿ 5ರ ಅಂತಿಮ ತೀರ್ಪಿನಲ್ಲಿ ಒಟ್ಟು 740 ಟಿ.ಎಂ.ಸಿ. ನೀರನ್ನು ಲೆಕ್ಕಕ್ಕೆ ತೆಗೆದುಕೊಂಡು ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7 ಎಂದು ಹಂಚಲಾಯಿತು. ಬೆಂಗಳೂರಿನ ಕುಡಿಯುವ ನೀರಿನ ಪ್ರಶ್ನೆ ಬಂದಾಗ ಆ ಹಳೆಯ ದಿಣ್ಣೆ ತೀರ್ಪಿನೊಳಗೆ ತಲೆಯೆತ್ತಿತು. ನಗರದ ಮೂರನೆಯ ಒಂದು ಭಾಗ ಮಾತ್ರ ಕಾವೇರಿಯ ಜಲಾನಯನದಲ್ಲಿದೆ, ಉಳಿದದ್ದು ಹೊರಗಿದೆ ಎಂದು ನ್ಯಾಯಮಂಡಳಿ ಎಣಿಸಿ, ಆ ಮೂರನೆಯ ಒಂದು ಭಾಗದ ಅಗತ್ಯವನ್ನು ಮಾತ್ರ ಗಣನೆಗೆ ತಂದುಕೊಂಡಿತು. ಅದರಲ್ಲಿಯೂ ಅರ್ಧ ಅಂತರ್ಜಲದಿಂದ ನೀಗುವುದೆಂದು ಹಿಡಿಯಿತು. ಈ ಲೆಕ್ಕದ ಪ್ರಕಾರ ಮೂಡಣ ಇಳಿಜಾರಿನ ಹೆಬ್ಬಾಳದವನಿಗೆ ಕಾವೇರಿಯಲ್ಲಿ ಪಾಲಿಲ್ಲ. ಅವನ ನೆರೆಯ, ದಿಣ್ಣೆಯಾಚೆಯ ಪೀಣ್ಯದವನಿಗೆ ಉಂಟು. ಇದೇ 2007ರಲ್ಲಿ ಯಲಹಂಕ, ಬ್ಯಾಟರಾಯನಪುರ ಮೊದಲಾದ ನಗರಸಭೆಗಳನ್ನೂ 110 ಹಳ್ಳಿಗಳನ್ನೂ ಸೇರಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಅಸ್ತಿತ್ವಕ್ಕೆ ಬಂದಿತು. ನ್ಯಾಯಮಂಡಳಿ ನೀರಿನಲ್ಲಿ ಕಡಿದುಹಾಕಿದ ಪ್ರದೇಶವನ್ನು ಆಡಳಿತವು ನಗರಕ್ಕೆ ಕೂಡಿಸಿಕೊಂಡಿತು.

2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಈ ಎಣಿಕೆಯನ್ನು ಒಪ್ಪಲಿಲ್ಲ. ಕುಡಿಯುವ ನೀರಿನ ಅಗತ್ಯಕ್ಕೆ ಇತರ ಎಲ್ಲಕ್ಕಿಂತ ಹಿರಿಯ ಸ್ಥಾನವಿದೆಯೆಂದೂ ಜಲಾನಯನದ ಗೆರೆಯಿಂದ ಒಂದು ನಗರವನ್ನು ಹೀಗೆ ಒಡೆಯಲಾಗದೆಂದೂ ಭಾವಿಸಿ ಬೆಂಗಳೂರಿಗಾಗಿ 4.75 ಟಿ.ಎಂ.ಸಿ.ಯನ್ನು ಹೆಚ್ಚಿಸಿತು. ತಮಿಳುನಾಡಿನ ಅಂತರ್ಜಲವನ್ನು ಪರಿಗಣಿಸಿ ಕೊಟ್ಟ 10 ಟಿ.ಎಂ.ಸಿ.ಯೂ ಸೇರಿ ಕರ್ನಾಟಕದ ಪಾಲು 284.75ಕ್ಕೆ ಏರಿತು, ತಮಿಳುನಾಡಿನದು 404.25ಕ್ಕೆ ಇಳಿಯಿತು. ಮಾನವೀಯ ದೃಷ್ಟಿಯಿಂದ ಈ ನಿರ್ಣಯ ಯುಕ್ತವೆಂಬುದರಲ್ಲಿ ಸಂದೇಹವಿಲ್ಲ. 2024ರ ಅಕ್ಟೋಬರ್ 16ರಂದು ಉದ್ಘಾಟನೆಗೊಂಡ ಐದನೆಯ ಹಂತದಲ್ಲಿ, ದಿನಕ್ಕೆ 77.5 ಕೋಟಿ ಲೀಟರುಗಳ ಸಾಮರ್ಥ್ಯದಿಂದ, ಆ 110 ಹಳ್ಳಿಗಳಿಗೆ ಕಾವೇರಿಯನ್ನು ಕೊಡುವ ಏರ್ಪಾಡಾಯಿತು.

ಆದರೂ ಲೆಕ್ಕದಲ್ಲಿ ಒಂದು ಸಿಕ್ಕು ಉಳಿದೇ ಇದೆ. ಕುಡಿಯುವ ನೀರಿಗೆಂದು ಕೊಟ್ಟದ್ದರಲ್ಲಿ ನಿಜವಾಗಿ ಖರ್ಚಾಗುವುದು ಐದನೆಯ ಒಂದು ಭಾಗ, ಮಿಕ್ಕದ್ದು ನದಿಗೆ ಮರಳುತ್ತದೆ ಎಂಬುದು ನ್ಯಾಯಮಂಡಳಿ ಅನುಸರಿಸಿದ ಗಣಿತ. ಮರಳುವುದು ನಿಜ. ಯಾವ ನದಿಗೆ ಎಂಬುದೇ ಪ್ರಶ್ನೆ. ಪೀಣ್ಯದಲ್ಲಿ ಬಳಸಿದ ಕಾವೇರಿಯ ನೀರು ವೃಷಭಾವತಿಯ ಕೊಳೆಯಾಗಿಯಾದರೂ ಕಾವೇರಿಗೇ ಹೋದೀತು. ಯಲಹಂಕದಲ್ಲಿ, ಹೆಬ್ಬಾಳದಲ್ಲಿ, ಠಾಗೋರ್ ನಗರದಲ್ಲಿ ಬಳಸಿದ್ದು ದಿಣ್ಣೆಯನ್ನು ದಾಟಿಬಂದಾಗಿದೆ. ಅದು ಹರಿಯುವುದು ಪಿನಾಕಿನಿಗೆ. ಕೊಡಗಿನಲ್ಲಿ ಹುಟ್ಟಿದ ನೀರು ಹೀಗೆ ಶ್ರೀರಂಗಕ್ಕೆ ಹೋಗುವ ಬದಲು ಕಡಲೂರಿನ ದಾರಿಯನ್ನು ಹಿಡಿಯಿತು. ಎರಡು ದಾರಿಯೂ ತಮಿಳುನಾಡಿನಲ್ಲಿಯೇ ಮುಗಿಯುವುದರಿಂದ ಆ ರಾಜ್ಯಕ್ಕೆ ನಷ್ಟವಿಲ್ಲವೆಂದು ಯಾರಾದರೂ ಹೇಳಬಹುದು. ತಂಜಾವೂರಿನ ರೈತನಿಗೆ ಅದು ಸಮಾಧಾನ ತರುವ ಮಾತಲ್ಲ. ಕೃಷ್ಣಗಿರಿಯ ರೈತನಿಗೂ ಅಲ್ಲ, ಏಕೆಂದರೆ ಅವನಿಗೆ ಸೇರುತ್ತಿರುವುದು ಬೇರೆಯೇ ಬಗೆಯ ನೀರು.

ಪಿನಾಕಿನಿಯ ವ್ಯಾಜ್ಯ ಮತ್ತೆ ಎದ್ದದ್ದು 2018ರಲ್ಲಿ. ಕೋಲಾರ ಜಿಲ್ಲೆಯ ಬಂಗಾರಪೇಟೆ ತಾಲೂಕಿನ ಯರಗೋಳದ ಬಳಿ ಪಿನಾಕಿನಿಯ ಉಪನದಿಯಾದ ಮಾರ್ಕಂಡೇಯಕ್ಕೆ ಕರ್ನಾಟಕವು ಕಟ್ಟುತ್ತಿದ್ದ ಅಣೆಕಟ್ಟಿನ ವಿರುದ್ಧ ತಮಿಳುನಾಡು ಸರ್ವೋಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿತು. ಕೋಲಾರ, ಮಾಲೂರು, ಬಂಗಾರಪೇಟೆಗಳ ಕುಡಿಯುವ ನೀರಿಗಾಗಿ ಅರ್ಧ ಟಿ.ಎಂ.ಸಿ. ಹಿಡಿಯುವ ಯೋಜನೆ ಅದು. ತಮಿಳುನಾಡು ಮುಂದಿಟ್ಟದ್ದು 1892ರ ಕಾಗದವನ್ನೇ. ಅದರಲ್ಲಿ ಹೆಸರಿಸಿದ್ದು ಮುಖ್ಯ ನದಿಯನ್ನು, ಮಾರ್ಕಂಡೇಯವನ್ನಲ್ಲ ಎಂಬುದು ಕರ್ನಾಟಕದ ಉತ್ತರ. 2019ರ ನವೆಂಬರ್ 14ರಂದು ನ್ಯಾಯಾಲಯವು ತಡೆಯಾಜ್ಞೆಯನ್ನು ನಿರಾಕರಿಸಿ, ನ್ಯಾಯಮಂಡಳಿಗಾಗಿ ಕೇಂದ್ರವನ್ನು ಕೇಳಿಕೊಳ್ಳಲು ತಮಿಳುನಾಡಿಗೆ ಅವಕಾಶವಿತ್ತಿತು. ತರುವಾಯ ಸಂಧಾನ ಸಮಿತಿ, ವಾಯಿದೆ, ಮತ್ತೆ ವಾಯಿದೆ. 2023ರ ನವೆಂಬರ್‌ನಲ್ಲಿ ಯರಗೋಳದ ಅಣೆಕಟ್ಟಿನ ಉದ್ಘಾಟನೆಯಾಯಿತು.

ಎರಡೂ ಪಕ್ಷಗಳು ನೀರಿನ ಪ್ರಮಾಣವನ್ನು ಕುರಿತು ವಾದಿಸುತ್ತಿದ್ದಾಗ ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯದಲ್ಲಿ ಬೆಂಗಳೂರಿನ ಕಡೆಯಿಂದ ಬಂದ ನೀರು ನೊರೆಯೆದ್ದು ಹರಿಯುತ್ತಿತ್ತು. ಅದರಿಂದಲೇ ಬೇಸಾಯ ಮಾಡಬೇಕಾದವರ ದೂರುಗಳು ವರ್ಷ ವರ್ಷವೂ ಪತ್ರಿಕೆಗಳಲ್ಲಿ ಬಂದಿವೆ. 1892ರಲ್ಲಿ ಕಾಗದ ಬರೆದವರು ಮೇಲಿನವರು ನೀರನ್ನು ಹಿಡಿದಿಡುವುದನ್ನು ಕುರಿತು ಎಣಿಸಬಹುದಾದುದನ್ನೆಲ್ಲ ಎಣಿಸಿದ್ದರು. ಮೇಲಿನವರು ಏನನ್ನು ಬಿಡುತ್ತಾರೆ ಎಂಬ ಪ್ರಶ್ನೆ ಅವರಿಗೆ ಹೊಳೆಯುವ ಕಾಲ ಅದಾಗಿರಲಿಲ್ಲ. ಯಲಹಂಕದ ಕೆರೆಸಾಲಿನಲ್ಲಿ ಆಗ ಇದ್ದದ್ದು ಮಳೆಯ ನೀರು. ಇಂದು ಜಕ್ಕೂರಿನ ಕೆರೆಯನ್ನು ವರ್ಷವಿಡೀ ತುಂಬಿಸುವುದು ಬಹುಮಟ್ಟಿಗೆ ಶುದ್ಧೀಕರಣ ಘಟಕದಿಂದ ಹೊರಬರುವ ನೀರು. ಅಲ್ಲಿ ಸಂಸ್ಕಾರ ಪಡೆದ ನೀರು ಜೊಂಡು ಹುಲ್ಲಿನ ತೇವಭೂಮಿಯನ್ನು ಹಾದು ಕೆರೆಗಿಳಿಯುವುದರಿಂದ ಮೀನು, ಹಕ್ಕಿಗಳು ಉಳಿದಿವೆ. ಸಂಸ್ಕಾರವಿಲ್ಲದೆ ರಾಜಕಾಲುವೆಗೆ ಬಿದ್ದದ್ದು ಬೇರೆ ಕೆರೆಗಳ ಗತಿಯನ್ನು ಏನು ಮಾಡಿತೆಂಬುದನ್ನು, 2015ರ ಮತ್ತು 2017ರ ಬೆಳ್ಳಂದೂರಿನ ನೊರೆಯನ್ನೂ ಬೆಂಕಿಯನ್ನೂ ಬಲ್ಲವರಿಗೆ ವಿವರಿಸಬೇಕಾಗಿಲ್ಲ.

ಈಚಿನ ವರ್ಷಗಳಲ್ಲಿ ಕಥೆಗೆ ಇನ್ನೊಂದು ತಿರುವು ಬಂದಿದೆ. ಹೆಬ್ಬಾಳ ಮತ್ತು ನಾಗವಾರ ಕಣಿವೆಯ ಬಳಸಿದ ನೀರನ್ನು ಸಂಸ್ಕರಿಸಿ, ದಿನಕ್ಕೆ 21 ಕೋಟಿ ಲೀಟರುಗಳಂತೆ, ಉತ್ತರದ ಬರಪೀಡಿತ ಸೀಮೆಯ 65 ಕೆರೆಗಳಿಗೆ ತುಂಬಿಸುವ ಯೋಜನೆ ಜಾರಿಗೆ ಬಂದಿತು. ಇದರಿಂದ ಚಿಕ್ಕಬಳ್ಳಾಪುರದ ಕಡೆಯ ಬತ್ತಿದ ಕೆರೆಗಳಲ್ಲಿ ನೀರು ನಿಂತಿತು. ಎರಡನೆಯ ಬಾರಿಯ ಸಂಸ್ಕರಣವಷ್ಟೇ ಸಾಕೆ, ಅಂತರ್ಜಲ ಕೆಡದೇ ಎಂಬ ಆಕ್ಷೇಪವೂ ಆ ಸೀಮೆಯಿಂದಲೇ ಎದ್ದಿದೆ. ಕುಡಿಯುವುದಕ್ಕೂ ಅದೇ ಅಂತರ್ಜಲವನ್ನು ನಂಬಿರುವವರ ಈ ಶಂಕೆಯನ್ನು ತಳ್ಳಿಹಾಕುವಂತಿಲ್ಲ. ನದಿಗಳ ಲೆಕ್ಕದಲ್ಲಂತೂ ಇದು ಪೂರ್ವಿಕರು ಊಹಿಸದಿದ್ದ ಪಯಣ. ಕಾವೇರಿಯಿಂದ ಎತ್ತಿ ತಂದ ನೀರು ಪಿನಾಕಿನಿಯ ಇಳಿಜಾರಿನ ಮನೆಗಳಲ್ಲಿ ಬಳಕೆಯಾಗಿ, ಹೆಬ್ಬಾಳದಲ್ಲಿ ಸಂಸ್ಕಾರ ಪಡೆದು, ಕೊಳವೆಯ ಮೂಲಕ ನಂದಿಯ ಬೆಟ್ಟಸಾಲಿನ ಆಚೆಗೆ ಹೋಗುತ್ತದೆ. ಅಲ್ಲಿಯ ನೆಲದ ಬಹುಭಾಗ ಇಳಿಯುವುದು ಉತ್ತರ ಪಿನಾಕಿನಿಯ ಕಡೆಗೆ. ಆ ನದಿ ಹರಿದುಹೋಗುವುದು ಆಂಧ್ರಕ್ಕೆ; 1892ರಲ್ಲಿ ಅದೂ ಮದರಾಸು ಪ್ರಾಂತವೇ ಆಗಿತ್ತು, ಅನುಸೂಚಿಯಲ್ಲಿ ಅದರ ಕ್ರಮಾಂಕ ಐದು.